‘ಐ7, 4 ಜಿಬಿ ಗ್ರಾಫಿಕ್ಸ್’ ಚೀಟಿ ನಂಬಬಹುದೇ? 45 ಸಾವಿರದೊಳಗೆ ಗೇಮಿಂಗಿಗೂ ಆಗುವ ಡೆಸ್ಕ್‌ಟಾಪ್

ಪ್ರಶ್ನೆ: ಮಗ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ್ದಾನೆ. ಕೋಡಿಂಗ್ ಜೊತೆಗೆ ವ್ಯಾಲೊರೆಂಟ್, ಜಿಟಿಎ 5, ಮೈನ್‌ಕ್ರಾಫ್ಟ್ ಆಡುವ ಹಾಗಿರಬೇಕಂತೆ. ನಮ್ಮ ಬಜೆಟ್ 45 ಸಾವಿರ. ಇಲ್ಲಿ ದಾವಣಗೆರೆಯ ಅಂಗಡಿಯೊಂದರಲ್ಲಿ ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್’ ಎಂದು ಚೀಟಿ ಬರೆದುಕೊಟ್ಟು 28 ಸಾವಿರ ಹೇಳಿದ್ದಾರೆ. ಎಲ್ಲ ಹೊಸದೇ ಅನ್ನುತ್ತಾರೆ. ತಗೊಳ್ಳಬಹುದೇ? ಸದ್ಯಕ್ಕೆ ಮನೆಯ 32 ಇಂಚಿನ ಟಿವಿಯನ್ನೇ ಮಾನಿಟರ್ ಮಾಡಿಕೊಂಡರೆ ನಡೆಯುತ್ತದೆಯೇ? ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು ಒಳ್ಳೆಯದು ಅಂತಲೂ ಕೆಲವರು ಹೇಳುತ್ತಾರೆ.

ಉತ್ತರ: ತಗೋಬೇಡಿ. ಆ ಚೀಟಿಯಲ್ಲಿ ಐದು ಭಾಗಗಳ ಹೆಸರಿದೆ, ಒಂದಕ್ಕೂ ಮಾಡೆಲ್ ನಂಬರ್ ಇಲ್ಲ. ಕಂಪ್ಯೂಟರ್ ವ್ಯಾಪಾರದಲ್ಲಿ ಮೋಸ ನಡೆಯುವುದು ಹೆಚ್ಚಾಗಿ ಸುಳ್ಳಿನಿಂದಲ್ಲ, ಅರ್ಧ ಹೇಳಿ ಸುಮ್ಮನಾಗುವುದರಿಂದ.

‘ಐ7’ ಅನ್ನುವ ಹೆಸರನ್ನು ಇಂಟೆಲ್ 2008ರಲ್ಲೇ ಬಳಕೆಗೆ ತಂದಿತು. 28 ಸಾವಿರಕ್ಕೆ ಇಡೀ ಮಷಿನ್ ಕೊಡುತ್ತಾರೆಂದರೆ ಒಳಗಿರುವುದು ಬಹುತೇಕ 2011ರ ಐ7-2600 ಅಥವಾ 2012ರ ಐ7-3770. ಹಳೆಯ ಕಂಪ್ಯೂಟರ್‌ಗಳಿಂದ ಕಿತ್ತ ಈ ಪ್ರೊಸೆಸರ್‌ಗಳನ್ನು ಹೆಸರಿಲ್ಲದ ಹೊಸ ಎಚ್61 ಮದರ್‌ಬೋರ್ಡ್ ಮೇಲೆ ಕೂರಿಸಿ, ಡಿಡಿಆರ್3 ರ‍್ಯಾಮ್ ಹಾಕಿ, ಬಣ್ಣದ ಲೈಟ್ ಇರುವ ಕ್ಯಾಬಿನೆಟ್‌ನಲ್ಲಿಟ್ಟು ‘ಗೇಮಿಂಗ್ ಪಿಸಿ’ ಎಂದು ಮಾರುತ್ತಾರೆ. ಬೋರ್ಡ್ ಹೊಸದು, ಕ್ಯಾಬಿನೆಟ್ ಹೊಸದು, ಹಾಗಾಗಿ ‘ಎಲ್ಲ ಹೊಸದು’ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಆದರೆ 2022ರ ಐ3-12100, ನಾಲ್ಕೇ ಕೋರ್ ಇದ್ದರೂ, ಆ ಐ7ಗಿಂತ ಎಷ್ಟೋ ಮುಂದಿದೆ. ವೇಗಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಹಳೆಯ ಐ7 ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏನೋ ತಂತ್ರ ಮಾಡಿ ವಿಂಡೋಸ್ 11 ಹಾಕಿಕೊಟ್ಟರೂ ವ್ಯಾಲೊರೆಂಟ್ ತೆರೆಯುವುದಿಲ್ಲ. ಅದರ ಜೊತೆ ಬರುವ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಮಷಿನ್ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಆ ಬೋರ್ಡ್‌ನಲ್ಲಿ ಟಿಪಿಎಂ 2.0 ಇರುವುದಿಲ್ಲ. ಮಗ ಮೊದಲ ದಿನವೇ ಎರರ್ ಮೆಸೇಜ್ ನೋಡುತ್ತಾ ಕೂರಬೇಕಾಗುತ್ತದೆ.

‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಇನ್ನೊಂದು ಗುಂಡಿ. ಈ ದರದಲ್ಲಿ ಸಿಗುವುದು ಸಾಮಾನ್ಯವಾಗಿ ಎನ್‌ವಿಡಿಯಾದ ಜಿಟಿ 730. ಕಾರ್ಡ್‌ನಲ್ಲಿ ಎಷ್ಟು ಜಿಬಿ ಇದೆ ಅನ್ನುವುದಕ್ಕಿಂತ ಆ ಮೆಮೊರಿಯಿಂದ ಸೆಕೆಂಡಿಗೆ ಎಷ್ಟು ಡೇಟಾ ಹೊರಬರುತ್ತದೆ ಅನ್ನುವುದು ಗೇಮಿಂಗಿಗೆ ಮುಖ್ಯ. 64 ಬಿಟ್ ಡಿಡಿಆರ್3 ಮೆಮೊರಿಯ ಜಿಟಿ 730ರಲ್ಲಿ ಅದು ಸೆಕೆಂಡಿಗೆ 14.4 ಜಿಬಿ. ಯಾವ ಕಾರ್ಡೂ ಇಲ್ಲದೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಎರಡು ಡಿಡಿಆರ್4-3200 ರ‍್ಯಾಮ್ ಕಡ್ಡಿಗಳು ಒದಗಿಸುವುದು 51.2 ಜಿಬಿ. ಜಿಟಿಎಕ್ಸ್ 1650ರ ಮೊದಲ ಆವೃತ್ತಿಯಲ್ಲಿ 128 ಜಿಬಿ. ಜಿಟಿ 710, 730 ಕಾರ್ಡ್‌ಗಳು ಎರಡನೇ ಮಾನಿಟರ್ ಸೇರಿಸಲು, ಸಿನಿಮಾ ನೋಡಲು ಇರುವಂಥವು. ಕೆಪ್ಲರ್ ಪೀಳಿಗೆಯ ಈ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ.

ಹಾಗಾದರೆ ಏನು ತಗೋಬೇಕು? ನಿಮ್ಮ ಬಜೆಟ್‌ಗೆ, ಈ ಮೂರು ಗೇಮ್‌ಗೆ, ಗ್ರಾಫಿಕ್ಸ್ ಕಾರ್ಡ್ ಈಗ ಬೇಡವೇ ಬೇಡ. ಎಎಂಡಿ ರೈಜನ್ 5 5600ಜಿ ಅಥವಾ ಅದರ ತುಸು ಹೊಸ ರೂಪ 5600ಜಿಟಿ ತಗೊಳ್ಳಿ. ಎರಡರಲ್ಲೂ 6 ಕೋರ್, 12 ಥ್ರೆಡ್. ಒಳಗೇ ರೇಡಿಯಾನ್ ವೇಗಾ ಗ್ರಾಫಿಕ್ಸ್ ಇದೆ. ಇಂಟೆಲ್ ಐ3-12100ರ ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಇದರ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಕಾರ್ಡ್ ಇಲ್ಲದ ಗೇಮಿಂಗ್ ಅಂದರೆ ಈ ದರದಲ್ಲಿ ಎಎಂಡಿಯೇ. ಕೇಳುವಾಗ ಕೊನೆಯ ‘ಜಿ’ ಅಥವಾ ‘ಜಿಟಿ’ ಮೇಲೆ ಕಣ್ಣಿಡಿ. ರೈಜನ್ 5 5500, 5600 ಅನ್ನುವ ಪ್ರೊಸೆಸರ್‌ಗಳೂ ಇವೆ, ಕೆಲವೊಮ್ಮೆ ಸಾವಿರ ರೂಪಾಯಿ ಕಡಿಮೆಗೂ ಸಿಗುತ್ತವೆ. ಅವುಗಳಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದ ಹೊರತು ಪರದೆ ಕಪ್ಪಾಗಿಯೇ ಇರುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಬಂದರೂ ಇದೇ ಅರ್ಥ.

ಇದು ಹಳೆಯದಾಗುತ್ತಿರುವ ಪ್ಲಾಟ್‌ಫಾರ್ಮ್ ಅನ್ನುವುದನ್ನು ಮುಚ್ಚಿಡುವುದಿಲ್ಲ. 5600ಜಿ ಬಂದದ್ದು 2021ರಲ್ಲಿ. ವೇಗಾ ಗ್ರಾಫಿಕ್ಸ್‌ನ ಡ್ರೈವರ್‌ಗಳನ್ನು ಎಎಂಡಿ 2023ರ ಕೊನೆಯಲ್ಲಿ ಬೇರೆ ಸಾಲಿಗೆ ಸರಿಸಿತು. ಹೊಸ ಗೇಮ್‌ಗಳಿಗಾಗಿ ವಿಶೇಷ ತಿದ್ದುಪಡಿಗಳು ಇನ್ನು ಅಷ್ಟಾಗಿ ಬರುವುದಿಲ್ಲ. ಅದರ ಮುಂದಿನ ಪೀಳಿಗೆಯ ರೈಜನ್ 5 8600ಜಿ ಎಲ್ಲ ರೀತಿಯಲ್ಲೂ ಉತ್ತಮ. ಆದರೆ ಅದಕ್ಕೆ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಬೇಕು. 2025ರ ಕೊನೆಯಿಂದ ಎಲ್ಲ ಬಗೆಯ ರ‍್ಯಾಮ್ ಬೆಲೆ ಜಿಗಿದಿರುವುದರಿಂದ 45 ಸಾವಿರದೊಳಗೆ ಅದನ್ನು ಕೂರಿಸುವುದು ಕಷ್ಟ. ಬಜೆಟ್ ಹಿಗ್ಗಿದರೆ 8600ಜಿಗೇ ಹೋಗಿ, ನಡುವಿನ 8500ಜಿ ಬೇಡ: ಅದರ ಗ್ರಾಫಿಕ್ಸೂ ಕಡಿಮೆ, ಮುಂದೆ ಕಾರ್ಡ್ ಹಾಕಿದರೆ ಅದಕ್ಕೆ ಸಿಗುವ ಪಿಸಿಐಇ ಲೇನ್‌ಗಳೂ (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿಗಳು) ನಾಲ್ಕೇ.

ಬೋರ್ಡ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೆಸರಿರುವ ಕಂಪನಿಯ ಎ520 ಅಥವಾ ಬಿ550 ಸಾಕು. ಪ್ರೊಸೆಸರ್ 65 ವ್ಯಾಟಿನದು, ದುಬಾರಿ ಬೋರ್ಡ್ ಕೇಳುವುದಿಲ್ಲ. ಹಿಂಭಾಗದಲ್ಲಿ ಎಚ್‌ಡಿಎಂಐ ಇರಬೇಕು, ವೇಗದ ಎಸ್‌ಎಸ್‌ಡಿ ಕೂರಿಸುವ ಎಂ.2 ಎನ್‌ವಿಎಂಇ ಸ್ಲಾಟ್ ಇರಬೇಕು, ರ‍್ಯಾಮ್ ಸ್ಲಾಟ್ ನಾಲ್ಕಿದ್ದರೆ ಒಳ್ಳೆಯದು.

ಈ ಮಷಿನ್‌ನ ಜೀವಾಳ ಇರುವುದು ರ‍್ಯಾಮ್‌ನಲ್ಲಿ, ಅಂಗಡಿಯವರು ಎಡವುವುದೂ ಅಲ್ಲೇ. ಕಾರ್ಡ್‌ಗೆ ತನ್ನದೇ ಮೆಮೊರಿ ಇರುತ್ತದೆ; ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಇಲ್ಲ, ಅದು ನಿಮ್ಮ ರ‍್ಯಾಮ್‌ನಿಂದಲೇ ಎರವಲು ಪಡೆಯಬೇಕು. ಒಂದೇ 16 ಜಿಬಿ ಕಡ್ಡಿ ಹಾಕಿದರೆ ಒಂದೇ ಚಾನೆಲ್ (ಪ್ರೊಸೆಸರ್‌ಗೆ ಡೇಟಾ ಹರಿಯುವ ದಾರಿ) ತೆರೆದು, ಮೇಲೆ ಹೇಳಿದ 51.2 ಜಿಬಿ ಅರ್ಧಕ್ಕೆ, ಅಂದರೆ 25.6ಕ್ಕೆ ಇಳಿಯುತ್ತದೆ. ಗೇಮ್‌ನಲ್ಲಿ ಫ್ರೇಮ್ ರೇಟ್ ಸುಮಾರು ಮೂರನೇ ಒಂದು ಭಾಗ ಬಿದ್ದುಹೋಗುವುದು ಸಾಮಾನ್ಯ, ಕೆಲವು ಕಡೆ ಅದಕ್ಕೂ ಹೆಚ್ಚು. ‘ಈಗ 16ರದು ಒಂದು ಹಾಕಿಸಿ, ಮುಂದೆ ಇನ್ನೊಂದು ಸೇರಿಸಿಕೊಳ್ಳಿ’ ಅನ್ನುವ ಸಲಹೆ ಕಾರ್ಡ್ ಇರುವ ಮಷಿನ್‌ಗೆ ಹೇಗೋ ನಡೆಯುತ್ತದೆ, ಇದಕ್ಕೆ ಅಲ್ಲ. 8 ಜಿಬಿಯ ಎರಡು ಕಡ್ಡಿ, ಒಂದೇ ಕಂಪನಿಯ ಒಂದೇ ಮಾಡೆಲ್, ಡಿಡಿಆರ್4-3200, ಸಾಧ್ಯವಾದರೆ ಜೋಡಿಯಾಗಿ ಪ್ಯಾಕ್ ಆದ ಕಿಟ್. ನಾಲ್ಕು ಸ್ಲಾಟ್‌ನ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಅಕ್ಕಪಕ್ಕ ಒಂದು, ಎರಡರಲ್ಲಿ ಹಾಕಿದರೆ ಕಡ್ಡಿ ಎರಡಿದ್ದರೂ ಚಾನೆಲ್ ಒಂದೇ ಆಗುತ್ತದೆ.

ಸ್ಟೋರೇಜ್ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕೈ ಎಟುಕಿದರೆ 1 ಟಿಬಿ. ಜಿಟಿಎ 5 ಒಂದೇ 100 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ. ಹಾರ್ಡ್ ಡಿಸ್ಕ್ ಬೇಕಿದ್ದರೆ ಆಮೇಲೆ ಫೋಟೊ, ಸಿನಿಮಾ ಇಡಲು ಹಾಕಿಸಿ. ವಿಂಡೋಸ್ ಅದರ ಮೇಲೆ ಬೇಡ.

ಇನ್ನು ಪವರ್ ಸಪ್ಲೈ. ಚೀಟಿಯ ‘450 ವ್ಯಾಟ್ ಎಸ್‌ಎಂಪಿಎಸ್’ ನಿಜವಾಗಿ ಎಷ್ಟು ವ್ಯಾಟ್ ಅನ್ನುವುದನ್ನು ನೀವೇ ಅಂಗಡಿಯಲ್ಲಿ ನಿಂತು ಕಂಡುಹಿಡಿಯಬಹುದು. ಡಬ್ಬಿಯ ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. +12ವಿ ಅಂತಿರುವ ಕಾಲಂನಲ್ಲಿ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಈ ಸಾಲಿನಿಂದಲೇ. ಒಳ್ಳೆಯ 450 ವ್ಯಾಟಿನದರಲ್ಲಿ 34ರಿಂದ 37 ಆಂಪಿಯರ್ ಬರೆದಿರುತ್ತದೆ, ಅಂದರೆ 400 ವ್ಯಾಟ್ ದಾಟುತ್ತದೆ. ಅಗ್ಗದ ಲೋಕಲ್ ಡಬ್ಬಿಯಲ್ಲಿ 14, 16 ಆಂಪಿಯರ್ ಬರೆದದ್ದು ಕಾಣಬಹುದು. ಇನ್ನೂರು ವ್ಯಾಟಿನ ಆಸುಪಾಸು, ಅದೂ ಲೇಬಲ್ ನಿಜ ಹೇಳುತ್ತಿದ್ದರೆ. ಇಂಥವು ಕೆಟ್ಟರೆ ತಾವೊಂದೇ ಸಾಯುವುದಿಲ್ಲ, ಬೋರ್ಡನ್ನೂ ಕರೆದುಕೊಂಡು ಹೋಗುವುದುಂಟು. ಕೋರ್ಸೇರ್ ಸಿವಿ550, ಕೂಲರ್ ಮಾಸ್ಟರ್ ಎಂಡಬ್ಲ್ಯುಇ 550 ಬ್ರಾಂಜ್ ತರಹದ, 80 ಪ್ಲಸ್ (ಕರೆಂಟ್ ಪೋಲಾಗದ ದಕ್ಷತೆಯ) ಗುರುತಿರುವ 550 ವ್ಯಾಟಿನದು ತಗೊಳ್ಳಿ. 5600ಜಿಗೆ ಮಾತ್ರ ಇದು ಜಾಸ್ತಿಯೇ; ಎರಡು ವರ್ಷದ ನಂತರ ಕಾರ್ಡ್ ಹಾಕುವಾಗ ಮತ್ತೆ ದುಡ್ಡು ಸುರಿಯಬಾರದಲ್ಲ.

ದುಡ್ಡು ಸಾಲದೆ ಬಂದರೆ ಕ್ಯಾಬಿನೆಟ್‌ನಲ್ಲಿ ಉಳಿಸಿ, ಎಸ್‌ಎಸ್‌ಡಿಯನ್ನು 500ಕ್ಕೆ ಇಳಿಸಿ, ಮಾನಿಟರ್ ಮುಂದಕ್ಕೆ ಹಾಕಿ. ಪವರ್ ಸಪ್ಲೈಯಲ್ಲೂ ರ‍್ಯಾಮ್ ಕಡ್ಡಿಗಳ ಸಂಖ್ಯೆಯಲ್ಲೂ ಉಳಿಸಬೇಡಿ. ಕ್ಯಾಬಿನೆಟ್ ಆರಿಸುವಾಗ ಒಂದೇ ನಿಯಮ: ಮುಂಭಾಗ ಜಾಲರಿ ಇರಲಿ, ಗಾಜು ಬೇಡ. ರಾಯಚೂರು, ಕಲಬುರಗಿಯ ಬೇಸಿಗೆಗಂತೂ ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್ ಶಿಕ್ಷೆಯೇ.

ಇಷ್ಟು ಕೊಂಡರೆ ಏನು ನಿರೀಕ್ಷಿಸಬಹುದು? ವ್ಯಾಲೊರೆಂಟ್ 1080ಪಿ (1920×1080 ಪಿಕ್ಸೆಲ್) ಲೋ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 100 ಫ್ರೇಮ್ ದಾಟಿ ಓಡುತ್ತದೆ. ಮೈನ್‌ಕ್ರಾಫ್ಟ್ ಶೇಡರ್ (ಬೆಳಕು, ನೆರಳಿನ ಅಂದ ಹೆಚ್ಚಿಸುವ ಸೇರ್ಪಡೆ) ಹಾಕದಿದ್ದರೆ ಸಲೀಸು. ಜಿಟಿಎ 5ರಲ್ಲಿ ಈಗ ಎರಡು ಆವೃತ್ತಿಗಳಿವೆ. 2025ರ ಮಾರ್ಚ್‌ನಲ್ಲಿ ಬಂದ ‘ಎನ್‌ಹ್ಯಾನ್ಸ್ಡ್’ ಆವೃತ್ತಿ ಬೇರೆ ಕಾರ್ಡನ್ನೇ ಕೇಳುತ್ತದೆ. ಹಳೆಯ ‘ಲೆಗಸಿ’ ಆವೃತ್ತಿ ಇನ್‌ಸ್ಟಾಲ್ ಮಾಡಿದರೆ 1080ಪಿ ನಾರ್ಮಲ್‌ನಲ್ಲಿ 60ರ ಆಸುಪಾಸು ಸಿಗುತ್ತದೆ. ಹುಲ್ಲಿನ ಗುಣಮಟ್ಟ, ಎಂಎಸ್‌ಎಎ (ಅಂಚುಗಳನ್ನು ನುಣುಪಾಗಿಸುವ ಆಯ್ಕೆ) ಎರಡನ್ನೂ ತಗ್ಗಿಸಿ. ಊರಾಚೆ ಹೋದಾಗ ಫ್ರೇಮ್ ಕುಸಿಯುವುದು ಅವುಗಳಿಂದಲೇ. ಸೈಬರ್‌ಪಂಕ್ 2077ನಂಥ ದೊಡ್ಡ ಗೇಮ್‌ಗಳನ್ನು ಆಡಿಸುತ್ತೇನೆ ಅಂತ ಈ ಮಷಿನ್ ಹೇಳುವುದಿಲ್ಲ.

ಟಿವಿಯ ವಿಚಾರ. ಸದ್ಯಕ್ಕೆ ಧಾರಾಳವಾಗಿ ಬಳಸಿ. 32 ಇಂಚಿನ ಟಿವಿಗಳಲ್ಲಿ ಬಹಳಷ್ಟು ‘ಎಚ್‌ಡಿ ರೆಡಿ’, ಅಂದರೆ 1366×768. ಇದು 1080ಪಿಯ ಅರ್ಧದಷ್ಟು ಪಿಕ್ಸೆಲ್, ಹಾಗಾಗಿ ಗೇಮ್‌ಗಳು ಇನ್ನೂ ವೇಗವಾಗಿಯೇ ಓಡುತ್ತವೆ. ತೊಂದರೆ ಆಗುವುದು ಕೋಡಿಂಗಿಗೆ: ಹತ್ತಿರ ಕೂತರೆ ಅಕ್ಷರಗಳು ಒರಟಾಗಿ ಕಂಡು ಕಣ್ಣು ದಣಿಯುತ್ತದೆ. ಟಿವಿ ಮೆನುವಿನಲ್ಲಿ ಗೇಮ್ ಮೋಡ್ ಆನ್ ಮಾಡಿ, ಇಲ್ಲದಿದ್ದರೆ ಮೌಸ್ ಅಲುಗಿಸಿದ್ದಕ್ಕೂ ಪರದೆಯ ಚಲನೆಗೂ ನಡುವೆ ತಡವಾಗುತ್ತದೆ. ಅಂಚು ಕತ್ತರಿಸಿದಂತೆ ಕಂಡರೆ ಅದು ಓವರ್‌ಸ್ಕ್ಯಾನ್. ಪಿಕ್ಚರ್ ಸೈಜನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ಗೆ ಬದಲಿಸಿ. ಆಮೇಲೆ ಕೊಳ್ಳುವುದಾದರೆ 24 ಇಂಚು, ಐಪಿಎಸ್, 1080ಪಿ, 100 ಹರ್ಟ್ಜ್.

ಜೋಡಣೆ ಮುಗಿದ ಮೇಲೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪುಟದಲ್ಲಿ, ನಾಲ್ಕು ಕೆಲಸ ಇವೆ. ಅಂಗಡಿಯಲ್ಲಿ ಬಹುತೇಕ ಯಾರೂ ಮಾಡಿಕೊಡುವುದಿಲ್ಲ. ಮಷಿನ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಿದ್ದರೆ ಬಯಾಸ್ ತೆರೆಯುತ್ತದೆ. ಮೊದಲು ಎಕ್ಸ್‌ಎಂಪಿ, ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ, ಆನ್ ಮಾಡಿ. ಇದನ್ನು ಮಾಡದಿದ್ದರೆ 3200ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 2400 ಅಥವಾ 2666ರಲ್ಲೇ ಓಡುತ್ತಿರಬಹುದು. ಎರಡನೆಯದು ಯುಎಂಎ ಫ್ರೇಮ್ ಬಫರ್ ಸೈಜ್: ಅದನ್ನು 2ಜಿ ಮಾಡಿ. ಗ್ರಾಫಿಕ್ಸ್‌ಗೆ 2 ಜಿಬಿ ಮೀಸಲಾಗುತ್ತದೆ. ವಿಂಡೋಸ್‌ನಲ್ಲಿ 16ರ ಬದಲು 14 ಜಿಬಿಯ ಹತ್ತಿರ ಮಾತ್ರ ಬಳಕೆಗೆ ಲಭ್ಯ ಅಂತ ಕಂಡರೆ ಗಾಬರಿ ಬೇಡ, ರ‍್ಯಾಮ್ ಯಾರೂ ಕದ್ದಿಲ್ಲ. ಮೂರನೆಯದು ಎಫ್‌ಟಿಪಿಎಂ, ಅಂದರೆ ಪ್ರೊಸೆಸರ್ ಒಳಗೇ ಇರುವ ಟಿಪಿಎಂ, ಆನ್. ನಾಲ್ಕನೆಯದು ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಇರುವ ವ್ಯವಸ್ಥೆ) ಆಫ್ ಮಾಡಿ ಸೆಕ್ಯೂರ್ ಬೂಟ್ ಆನ್. ಈ ಕೊನೆಯ ಎರಡನ್ನು ವಿಂಡೋಸ್ ಹಾಕುವ ಮೊದಲೇ ಮಾಡಬೇಕು. ಸಿಎಸ್‌ಎಂ ಆನ್ ಇಟ್ಟು ಹಳೆಯ ಲೆಗಸಿ ರೀತಿಯಲ್ಲಿ ವಿಂಡೋಸ್ ಹಾಕಿಬಿಟ್ಟರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಾಗ ಪದ್ಧತಿಯದಾಗುತ್ತದೆ. ಆಮೇಲೆ ಸೆಕ್ಯೂರ್ ಬೂಟ್‌ಗೆಂದು ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ‘ಹೊಸ ಕಂಪ್ಯೂಟರ್, ಆದರೂ ವ್ಯಾಲೊರೆಂಟ್ ಎರರ್ ಕೊಡುತ್ತದೆ’ ಅನ್ನುವ ದೂರುಗಳಲ್ಲಿ ಬಹುಪಾಲು ಇದೇ ಕಾರಣ.

ಕರೆಂಟಿನ ಬಗ್ಗೆ ಎರಡು ಮಾತು. ಕಾರ್ಡ್ ಇಲ್ಲದ ಈ ಮಷಿನ್ ಮಾನಿಟರ್ ಸೇರಿ ಗೇಮ್ ಆಡುವಾಗಲೂ 150 ವ್ಯಾಟಿನೊಳಗೇ ಇರುತ್ತದೆ, ಹಾಗಾಗಿ 600 ವಿಎ ಯುಪಿಎಸ್ ಸಾಕು. ಅದರ ನಿಜವಾದ ಸಾಮರ್ಥ್ಯ ಸುಮಾರು 360 ವ್ಯಾಟ್. ಮುಂದೆ ಕಾರ್ಡ್ ಬಂದರೆ 1000 ವಿಎ ಬೇಕಾಗಬಹುದು. ಇನ್ನೊಂದು, ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುತ್ತದೆ ಅಂತ ಅನೇಕರು ಅಂಗಡಿಯವರೊಡನೆ ಜಗಳಕ್ಕೆ ಹೋಗುತ್ತಾರೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಲೋಹದ ದೇಹಕ್ಕೆ ಜೋಡಣೆಯಾಗಿರುತ್ತವೆ. ಗೋಡೆಯ ಸಾಕೆಟ್‌ನ ಮೂರನೇ ಪಿನ್‌ಗೆ ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ತೇಲುತ್ತದೆ. ಕರೆಂಟ್ ಅತ್ಯಲ್ಪ, ಆದರೂ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಟಿವಿಯ ಪೋರ್ಟ್ ಸುಡಲು ಅಷ್ಟು ಸಾಕಾಗುವುದುಂಟು. ಕಂಪ್ಯೂಟರ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಆಫೀಸ್ ಮಷಿನ್ ಕೆಟ್ಟ ಯೋಚನೆ ಏನಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಸಾಕಷ್ಟು ಸಿಗುತ್ತವೆ. ಆದರೆ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯದು ಮುಟ್ಟಬೇಡಿ. ಐ5-8500 ಸರಿ, ಐ5-6500ಕ್ಕೆ ವಿಂಡೋಸ್ 11ರ ಬೆಂಬಲ ಇಲ್ಲ. ಗೋಳು ಶುರುವಾಗುವುದು ಕಾರ್ಡ್ ಹಾಕುವಾಗ. ಸಣ್ಣ ಎಸ್‌ಎಫ್‌ಎಫ್ ಡಬ್ಬಿಗೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಆಗಬೇಕು. ಪವರ್ ಸಪ್ಲೈ ಕಂಪನಿಯ ಸ್ವಂತ ಅಳತೆಯದು, ಕಾರ್ಡ್‌ಗೆ ಬೇರೆ ಪವರ್ ಕೇಬಲ್ ಇರುವುದಿಲ್ಲ, ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ನಡೆಯಬೇಕು. ಈ ಅಳತೆಗೆ ಕೂರುವುದು ಲೋ ಪ್ರೊಫೈಲ್ ಜಿಟಿಎಕ್ಸ್ 1650 ಅಥವಾ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ. ಎರಡನೆಯದು ಮಷಿನ್‌ಗಿಂತ ದುಬಾರಿಯಾದರೂ ಆಶ್ಚರ್ಯವಿಲ್ಲ. ಆದರೂ ಇಂಥ ಜೋಡಿ ನಿಮ್ಮ ಬಜೆಟ್‌ಗೆ ವಾರಂಟಿ ಸಮೇತ ಸಿಕ್ಕರೆ, ಗೇಮಿಂಗ್ ಮಟ್ಟಿಗೆ ಅದು 5600ಜಿಯನ್ನು ಹಿಂದೆ ಹಾಕುತ್ತದೆ. ನಾನು ಹೊಸದನ್ನು ಹೇಳುತ್ತಿರುವುದು ಮುಂದೆ ಬೆಳೆಸಲು ಜಾಗ ಇರಲಿ ಅಂತ.

ಬೆಳೆಸುವಾಗ 5600ಜಿಯ ಒಂದು ಮಿತಿ ಗೊತ್ತಿರಲಿ: ಅದು ಕಾರ್ಡ್‌ಗೆ ಕೊಡುವುದು ಪಿಸಿಐಇ 3.0 ಮಾತ್ರ, ಬೋರ್ಡ್ ಬಿ550 ಆದರೂ ಅಷ್ಟೇ. ನಾಲ್ಕೇ ಲೇನ್ ಬಳಸುವ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡ್‌ಗಳು ಇಲ್ಲಿ ಉಸಿರು ಕಟ್ಟಿ ನಿಧಾನವಾಗುತ್ತವೆ. ಅವುಗಳಲ್ಲಿ ವಿಡಿಯೊ ಎನ್‌ಕೋಡರೂ ಇಲ್ಲ, ಗೇಮ್ ರೆಕಾರ್ಡ್ ಮಾಡಲು ಕಷ್ಟ. ಎಂಟು ಲೇನ್‌ನ ಆರ್‌ಎಕ್ಸ್ 6600 8 ಜಿಬಿ ಚೆನ್ನಾಗಿ ಹೊಂದುತ್ತದೆ. 132 ವ್ಯಾಟ್, ಒಂದು 8 ಪಿನ್ ಕೇಬಲ್, ನಿಮ್ಮ 550 ವ್ಯಾಟಿನ ಸಪ್ಲೈಗೆ ಹಗುರ. ಕಾರ್ಡ್ ಕೂರಿಸಿದ ಮೇಲೆ ಎಚ್‌ಡಿಎಂಐ ಕೇಬಲನ್ನು ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೆ ಚುಚ್ಚಬೇಕು. ಬೋರ್ಡ್‌ನಲ್ಲೇ ಬಿಟ್ಟು, ಕಾರ್ಡ್ ಹಾಕಿಸಿದರೂ ಏನೂ ವ್ಯತ್ಯಾಸವಿಲ್ಲ ಅನ್ನುವವರು ಕಡಿಮೆಯಿಲ್ಲ. ಬಳಸಿದ ಕಾರ್ಡ್ ಕೊಳ್ಳುವುದಾದರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಹಳೆಯ ಚಿಪ್‌ಗೆ ಹೊಸ ಹೆಸರು ತುಂಬಿದ ಎನ್‌ವಿಡಿಯಾ ಕಾರ್ಡ್‌ಗಳನ್ನು ಅದು ನಕಲಿ ಎಂದು ತೋರಿಸುತ್ತದೆ.

ಈಗ ಅಂಗಡಿಗೆ ಹೋಗಿ ಹೊಸ ಕೊಟೇಶನ್ ಕೇಳಿ, ಪ್ರತಿ ಭಾಗಕ್ಕೂ ಪೂರ್ತಿ ಮಾಡೆಲ್ ಹೆಸರು ಬರೆಸಿ. ಬೆಲೆ ವಾರ ವಾರಕ್ಕೂ ಏರಿಳಿಯುತ್ತಿರುವುದರಿಂದ ಅದೇ ಪಟ್ಟಿಯನ್ನು ಎರಡು ಮೂರು ಕಡೆ, ಆನ್‌ಲೈನ್‌ನಲ್ಲೂ ಒಂದೇ ದಿನ ಹೋಲಿಸಿ. ಪ್ರೊಸೆಸರ್ ಸೀಲ್ ಆದ ಪೆಟ್ಟಿಗೆಯದೇ ಇರಲಿ: ಜೊತೆಗೆ ಕೂಲರ್ ಬರುತ್ತದೆ, 3 ವರ್ಷದ ವಾರಂಟಿ ಇರುತ್ತದೆ. ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರ್‌ಗೆ ಇವೆರಡೂ ಇಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್‌ಗಳು ಇರಬೇಕು, ಖಾಲಿ ಪೆಟ್ಟಿಗೆಗಳನ್ನೂ ಮನೆಗೆ ತನ್ನಿ.

ದುಡ್ಡು ಎಣಿಸುವ ಮೊದಲು ಅಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ಪುಟದ ಮೆಮೊರಿಯಲ್ಲಿ ವೇಗ 3200, ಬಳಕೆಯಲ್ಲಿರುವ ಸ್ಲಾಟ್ 2 ಅಂತ ಇದೆಯೇ ನೋಡಿ. ಸ್ಲಾಟ್ ಎರಡಿದ್ದ ಮಾತ್ರಕ್ಕೆ ಚಾನೆಲ್ ಎರಡು ಅಂತಲ್ಲ, ಅದನ್ನು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟದಲ್ಲಿ ‘ಡ್ಯುಯಲ್’ (ಹೊಸ ಆವೃತ್ತಿಗಳಲ್ಲಿ ‘2 x 64-bit’) ಎಂದು ಖಚಿತ ಮಾಡಿಕೊಳ್ಳಿ; ಅಲ್ಲಿ ವೇಗ 1600 ಎಂದು ಕಂಡರೆ ಸರಿಯೇ, ಡಿಡಿಆರ್ ಅದರ ಎರಡರಷ್ಟು. ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬಯಾಸ್ ಮೋಡ್ ‘ಯುಇಎಫ್‌ಐ’, ಸೆಕ್ಯೂರ್ ಬೂಟ್ ‘ಆನ್’ ಇರಬೇಕು. ಕೊನೆಗೆ ಯಾವುದಾದರೂ ಗೇಮ್ ಅಥವಾ ಸ್ಟ್ರೆಸ್ ಟೆಸ್ಟ್ ಅರ್ಧ ಗಂಟೆ ಓಡಿಸಿ. ಈ ಪ್ರೊಸೆಸರ್‌ನ ಗರಿಷ್ಠ ಮಿತಿ 95 ಡಿಗ್ರಿ. ಅಂಗಡಿಯ ತಣ್ಣನೆ ಎಸಿಯಲ್ಲೇ 90 ಮುಟ್ಟಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಬಿಚ್ಚಿಸಿ ಹೊಸ ಥರ್ಮಲ್ ಪೇಸ್ಟ್ ಹಾಕಿ ಮತ್ತೆ ಕೂರಿಸಲು ಹೇಳಿ.